ನಡುವಯಸ್ಸಿನಲ್ಲಿ ದೂರದ ಓಟ

ಬೆಳಗಾವಿಯ ಫಡೆಪ್ಪ ಚೌಗುಲೆಯವರು ೧೯೨೦ರ ಆಂಟ್ವರ್ಪ್ ಒಲಿಂಪಿಕ್ ಮ್ಯಾರಥಾನಿನಲ್ಲಿ ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದುದು ತಾರುಣ್ಯದಲ್ಲಿ. ಆದರೆ ದೂರದ ಓಟ ತರುಣರಿಗೇ ಮೀಸಲೆಂಬ ಭಾವನೆಯನ್ನು ನಾವು ಒಪ್ಪಲಾರೆವು. ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಕಡೆಯಿಂದ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಕಾಲ್ನಡಿಗೆಯಲ್ಲಿ ಹೋಗಬಲ್ಲ ನಡುವಯಸ್ಕರು ಓಡಲೂ ಕಲಿಯಬಲ್ಲರು.

ವಯಸ್ಸಾದಂತೆ ದೇಹವು ಆಮ್ಲಜನಕವನ್ನು ಬಳಸುವ ಶಕ್ತಿ ದಶಕಕ್ಕೆ ಸುಮಾರು ಶೇಕಡ ೧೦ರಷ್ಟು ಕುಗ್ಗುವುದು ದಿಟ. ಸತತಾಭ್ಯಾಸದಿಂದ ಆ ಇಳಿತ ನಿಧಾನವಾಗುತ್ತದೆ. ಅಪಾಯವಿರುವುದು ಅವಸರದಲ್ಲಿ. ಹೃದಯವೂ ಮಾಂಸಖಂಡಗಳೂ ಕೆಲವೇ ವಾರಗಳಲ್ಲಿ ಪಳಗತೊಡಗುತ್ತವೆ. ರಕ್ತಸಂಚಾರ ಕಡಮೆಯಿರುವ ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಆದುದರಿಂದ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಂಡು, ನಡಿಗೆಯಿಂದ ತೊಡಗಿ, ದೂರವನ್ನು ಮೆಲ್ಲಮೆಲ್ಲನೆ ಹೆಚ್ಚಿಸಬೇಕು.

ವಿದ್ಯಾರ್ಥಿಗಳೇ, ತಂದೆತಾಯಿಗಳು ಓಡತೊಡಗಿದರೆ ನಗದೆ ಜೊತೆಗೂಡಿರಿ. ವೇಗವನ್ನು ನಿರ್ಧರಿಸುವ ಹಕ್ಕು ಅವರದೇ ಇರಲಿ.