ಕೂಸಿನ ಕೌದಿ: ಉಳಿತಾಯದ ಲೆಕ್ಕಕ್ಕೆ ಹತ್ತಿ ಸೀರೆಯ ಕೊರತೆ

ಧಾರವಾಡ: ಮಕ್ಕಳ ಹಾಸಿಗೆ, ಹೊದಿಕೆಗಳನ್ನು ಅಂಗಡಿಯಿಂದ ತರುವ ಬದಲು ಮನೆಯಲ್ಲಿಯೇ ಹೊಲಿದುಕೊಂಡರೆ ಹಣ ಉಳಿಯುತ್ತದೆ ಎಂಬುದು ಉತ್ತರ ಕರ್ನಾಟಕಕ್ಕೆ ಹೊಸ ಮಾತೇನಲ್ಲ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಸಾಲು ಸಾಲಾಗಿ ಕೈಹೊಲಿಗೆ ಹಾಕಿ ಸಿದ್ಧಪಡಿಸುವ ಕೌದಿಯ ಮೇಲೆಯೇ ಈ ಭಾಗದ ಹಲವು ತಲೆಮಾರುಗಳು ಬೆಳೆದಿವೆ. ಆದರೆ ಈ ಉಳಿತಾಯದ ಲೆಕ್ಕ ಇಂದಿಗೂ ಸರಿಹೊಂದುತ್ತದೆಯೇ ಎಂಬ ಪ್ರಶ್ನೆ ಈಗ ಎದುರಾಗಿದೆ.

ಕೌದಿ ಅಗ್ಗವಾಗಿದ್ದುದಕ್ಕೆ ಎರಡು ಕಾರಣಗಳಿದ್ದವು. ಒಂದು, ಬಟ್ಟೆಗೆ ಬೆಲೆ ಕೊಡಬೇಕಿರಲಿಲ್ಲ. ಇನ್ನೊಂದು, ಹೊಲಿಯುವ ಹೆಣ್ಣುಮಕ್ಕಳ ದುಡಿಮೆಗೆ ಕೂಲಿ ಕಟ್ಟುತ್ತಿರಲಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಅಂಚಿನಿಂದ ನಡುವಿನತ್ತ ಹೊಲಿಯುತ್ತಾ ಸಾಗುವ 'ಕವಂದಿ'ಯೂ ಹರಿದ ಬಟ್ಟೆಯ ಮರುಬಳಕೆಯಿಂದಲೇ ಹುಟ್ಟಿದ್ದು.

<b>ಬದಲಾದ ಬಟ್ಟೆ</b>

ಈ ಎರಡು ಕಾರಣಗಳಲ್ಲಿ ಮೊದಲನೆಯದು ಈಗ ಸಡಿಲಗೊಂಡಿದೆ. ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲು ಹೆಚ್ಚಾಗಿ ಹತ್ತಿಯದು. ವರ್ಷಗಟ್ಟಲೆ ಒಗೆದು ಮೆತ್ತಗಾದ ಇಂಥ ಸೀರೆಯೇ ಕೂಸಿನ ಕೌದಿಗೆ ಅತ್ಯುತ್ತಮ ಕಚ್ಚಾವಸ್ತುವಾಗಿತ್ತು. ಇಂದು ದಿನಬಳಕೆಗೆ ಪಾಲಿಯೆಸ್ಟರ್ ಸೀರೆಗಳೇ ಹೆಚ್ಚು. ಅವು ಬೇಗ ಒಣಗುತ್ತವೆ, ಅಗ್ಗದ ಬೆಲೆಗೆ ಸಿಗುತ್ತವೆ, ಬಾಳಿಕೆಯೂ ಬರುತ್ತವೆ. ಆದರೆ ವಾತಾವರಣದಲ್ಲಿನ ತೇವಾಂಶವನ್ನು ಹತ್ತಿಯ ನೂಲು ತನ್ನ ಒಣತೂಕದ ಸುಮಾರು ಶೇ 8.5ರಷ್ಟು ಹೀರಿಕೊಂಡರೆ, ಪಾಲಿಯೆಸ್ಟರ್ ಹೀರುವುದು ಕೇವಲ ಶೇ 0.4ರಷ್ಟು. ಬೆವರು, ಉಚ್ಚೆಗಳ ನಡುವೆ ಮಲಗುವ ಕೂಸಿಗೆ ಈ ಅಂತರ ಸಣ್ಣದಲ್ಲ.

ತೆರಿಗೆಯ ಬದಲಾವಣೆಯೂ ಲೆಕ್ಕವನ್ನು ಏರುಪೇರು ಮಾಡಿದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಪರಿಷ್ಕೃತ ಜಿಎಸ್‌ಟಿಯಲ್ಲಿ 2,500 ರೂಪಾಯಿವರೆಗಿನ ಹತ್ತಿಯ ರಜಾಯಿ, ಹಾಸುಬಟ್ಟೆಗಳಿಗೆ ಶೇ 5ರ ದರ ನಿಗದಿಯಾಯಿತು. ಅದಕ್ಕೂ ಮೊದಲು ಈ ಮಿತಿ 1,000 ರೂಪಾಯಿಯಷ್ಟೇ ಇತ್ತು. ಹೊಲಿಗೆ ಯಂತ್ರದ ಮೇಲಿನ ತೆರಿಗೆ ಶೇ 12ರಿಂದ 5ಕ್ಕೆ ಇಳಿದದ್ದು ಮನೆಯಲ್ಲಿ ಹೊಲಿಯುವವರಿಗೆ ಅನುಕೂಲವೇ. ಆದರೆ ಅದೇ ಪರಿಷ್ಕರಣೆಯಲ್ಲಿ ಕೃತಕ ನಾರಿನ ತೆರಿಗೆ ಶೇ 18ರಿಂದ, ಅದರ ನೂಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಹತ್ತಿಗೆ ತೆರಿಗೆಯಲ್ಲಿದ್ದ ಅನುಕೂಲ ಅಷ್ಟರಮಟ್ಟಿಗೆ ಕಡಿಮೆಯಾಗಿದೆ.

<b>ಲೆಕ್ಕಕ್ಕೆ ಬಾರದ ದುಡಿಮೆ</b>

ಎರಡನೆಯ ಕಾರಣ ಮಾತ್ರ ಇದ್ದಂತೆಯೇ ಇದೆ. ಒತ್ತೊತ್ತಾಗಿ ಕೈಹೊಲಿಗೆ ಹಾಕುವ ಕೌದಿ ಮನೆಗೆಲಸದ ಬಿಡುವಿನಲ್ಲಿ ಮುಗಿಯಲು ದಿನಗಳೇ ಬೇಕು. ಆ ದಿನಗಳಿಗೆ ಕೂಲಿ ಕಟ್ಟಿದರೆ ಅಂಗಡಿಯ ಹೊದಿಕೆಯೇ ಅಗ್ಗವಾದೀತು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಕೇಂದ್ರದ 'ಪಿಎಂ ವಿಶ್ವಕರ್ಮ' ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ದರ್ಜಿಗೆ ಸ್ಥಾನವಿದೆ, ಸಲಕರಣೆಗಾಗಿ 15,000 ರೂಪಾಯಿವರೆಗೆ ನೆರವೂ ಇದೆ. ಕೌದಿ ಹೊಲಿಯುವವರಿಗೆ ಅಲ್ಲಿ ಪ್ರತ್ಯೇಕ ಹೆಸರಿಲ್ಲ. ನಗರಗಳಲ್ಲಿ ಕೌದಿ ಇಂದು ಕಲಾವಸ್ತುವಾಗಿ ಮಾರಾಟವಾಗುತ್ತಿದೆ. ಹಳ್ಳಿಯ ಮನೆಯಲ್ಲಿ ಅದು ಇನ್ನೂ ಪುಕ್ಕಟೆ ಕೆಲಸವಾಗಿಯೇ ಉಳಿದಿರುವುದು ವಿಪರ್ಯಾಸ.

<b>ಎಚ್ಚರಿಕೆಯೂ ಅಗತ್ಯ</b>

ಉಳಿತಾಯದ ಉತ್ಸಾಹದಲ್ಲಿ ಮರೆಯಬಾರದ ಸಂಗತಿಯೊಂದಿದೆ. ಒಂದು ವರ್ಷದೊಳಗಿನ ಶಿಶು ಗಟ್ಟಿಯಾದ, ಸಮತಟ್ಟಾದ ಹಾಸಿನ ಮೇಲೆ ಅಂಗಾತ ಮಲಗಬೇಕು, ಬಳಿಯಲ್ಲಿ ದಿಂಬು, ಸಡಿಲ ಹೊದಿಕೆ ಇರಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2022ರ ಮಾರ್ಗಸೂಚಿ ಹೇಳುತ್ತದೆ. ಉಸಿರುಗಟ್ಟುವ ಅಪಾಯವೇ ಇದಕ್ಕೆ ಕಾರಣ. ಆದ್ದರಿಂದ ಹೊದೆಯುವ ಕೌದಿ ಮಗು ವರ್ಷ ದಾಟಿದ ಮೇಲಿನ ಮಾತು. ಅರಳೆ ತುಂಬಿದ ದಿಂಬು, ಅಂಚಿನ ಮೆತ್ತೆಗಳನ್ನು ಹೊಲಿಯದೆ ಬಿಟ್ಟರೆ ಹಣವೂ ಉಳಿಯುತ್ತದೆ, ಅಪಾಯವೂ ತಪ್ಪುತ್ತದೆ.

ಹತ್ತಿಯ ಹಳೆಯ ಬಟ್ಟೆ ಮನೆಯಲ್ಲಿದ್ದರೆ ಕೌದಿ ಈಗಲೂ ಲಾಭದಾಯಕವೇ. ಇರುವುದು ಕಡಿಮೆಯಾದರೆ ಮೈಗೆ ತಾಗುವ ಪದರಕ್ಕಾದರೂ ಅದನ್ನೇ ಬಳಸುವುದು ಸೂಕ್ತ. ಹೊಸ ಬಟ್ಟೆ ಕೊಂಡು ಹೊಲಿಯಲು ಹೊರಟರೆ ಉಳಿತಾಯ ಬಹುಮಟ್ಟಿಗೆ ಕರಗುತ್ತದೆ. ಅಜ್ಜಿಯ ಕಾಲದ ಮಿತವ್ಯಯ ಅಜ್ಜಿಯ ಸೀರೆಯನ್ನು ನೆಚ್ಚಿತ್ತು. ಆ ಸೀರೆಯೇ ಟ್ರಂಕಿನಿಂದ ಮರೆಯಾಗುತ್ತಿರುವಾಗ, ಮನೆಯಲ್ಲಿಯೇ ಹೊಲಿದುಕೊಳ್ಳಿ ಎಂಬ ಉಪದೇಶದ ಹೊರೆ ಬೀಳುವುದು ಕೂಲಿಯಿಲ್ಲದೆ ದುಡಿಯುವ ತಾಯಂದಿರ ಮೇಲೆಯೇ ಎಂಬುದನ್ನು ಅಲ್ಲಗಳೆಯುವಂತಿಲ್ಲ.