ಸರಾಸರಿ ಮಾತೃಭಾಷೆ 2.14

ಸಂಶೋಧನಾ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರದ ಮೂಲ ಪಾಠ ಬೇಡ ಎನ್ನುವವರ ದನಿ ಈಚೆಗೆ ಜೋರಾಗಿದೆ. 2009ರ ಯುಜಿಸಿ ನಿಯಮದಿಂದ ಪಿಎಚ್.ಡಿ.ಗೆ ಕೋರ್ಸ್‌ವರ್ಕ್ ಕಡ್ಡಾಯವಾಯಿತು. ಸರಾಸರಿ, ಮಾನಕ ವಿಚಲನೆ, ಪಿ-ಮೌಲ್ಯಗಳು ಅದರ ಜೊತೆಗೇ ಬಂದು ಕುಳಿತವು. ಇವನ್ನು ಎಬ್ಬಿಸಿ ಕಳಿಸಬೇಕು ಎನ್ನುವವರ ವಾದಗಳನ್ನು ಒಂದೊಂದಾಗಿ ನೋಡೋಣ. ತೀರ್ಪು ಓದುಗರದು.

ಮೊದಲ ವಾದ: ಎಲ್ಲ ಲೆಕ್ಕವನ್ನೂ ಸಾಫ್ಟ್‌ವೇರೇ ಮಾಡುತ್ತದೆ, ಸಂಶೋಧಕನಿಗೇಕೆ ತಲೆನೋವು? ನಾನೊಂದು ವೈವಾದಲ್ಲಿ ಕುಳಿತಿದ್ದೆ. ಪ್ರಶ್ನಾವಳಿಯಲ್ಲಿ ಕನ್ನಡಕ್ಕೆ 1, ತುಳುವಿಗೆ 2, ಕೊಂಕಣಿಗೆ 3, ಉರ್ದುವಿಗೆ 4 ಎಂದು ಕೋಡ್ ಕೊಡಲಾಗಿತ್ತು. ಪ್ರಬಂಧದ ಕೋಷ್ಟಕದಲ್ಲಿ ಅಚ್ಚಾಗಿತ್ತು: ಮಾತೃಭಾಷೆ, ಸರಾಸರಿ 2.14. ಅಂದರೆ ಆ ಊರಿನ ಸರಾಸರಿ ಮನುಷ್ಯ ತುಳು ಮಾತಾಡುತ್ತ ಸ್ವಲ್ಪ ಕೊಂಕಣಿಯ ಕಡೆ ವಾಲುತ್ತಾನೆ! ಸಾಫ್ಟ್‌ವೇರ್ ಒಂದಿಷ್ಟೂ ತಪ್ಪು ಮಾಡಿರಲಿಲ್ಲ, ಕೂಡಿಸಿ ಭಾಗಿಸಿತ್ತು ಅಷ್ಟೇ. ಹೆಸರಿನ ಬದಲು ಹಚ್ಚಿದ ಅಂಕೆ ಯಾವುದು, ಅಳತೆಯ ಅಂಕೆ ಯಾವುದು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಇನ್ನು ವಯಸ್ಸು ಹೇಳದವರ ಎದುರು 99 ಎಂದು ತುಂಬುವ ರೂಢಿಯಿದೆ. ನಲವತ್ತು ಜನರಲ್ಲಿ ನಾಲ್ವರು ವಯಸ್ಸು ಹೇಳಿಲ್ಲ, ಉಳಿದ ಮೂವತ್ತಾರು ಜನರ ಸರಾಸರಿ 30 ಎನ್ನಿ. 99 ಎಂದರೆ ‘ಗೊತ್ತಿಲ್ಲ’ ಎಂದು ಯಂತ್ರಕ್ಕೆ ಹೇಳಿಕೊಡದಿದ್ದರೆ ಅದು 36.9 ಎನ್ನುತ್ತದೆ. ಒಂದು ಎಂಟರ್ ಒತ್ತಿದ್ದಕ್ಕೆ ಊರಿಗೆ ಊರೇ ಏಳು ವರ್ಷ ಮುದಿಯಾಯಿತು. ‘ಎಲ್ಲವನ್ನೂ ಯಂತ್ರ ಮಾಡುತ್ತದೆ’ ಎನ್ನುವವರೇ ತಮ್ಮ ದತ್ತಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ, ದುಡ್ಡು ಕೊಟ್ಟು ‘ಅನಾಲಿಸಿಸ್’ ಮಾಡಿಸಿಕೊಂಡು ಬರುತ್ತಾರಲ್ಲ, ಯಾಕೆ?

ಎರಡನೆಯ ವಾದ: ಪಿ-ಮೌಲ್ಯ 0.05ಕ್ಕಿಂತ ಕಡಿಮೆ ಬಂದರೆ ಫಲಿತಾಂಶ ನಿಜ, ಇಷ್ಟು ಗೊತ್ತಿದ್ದರೆ ಸಾಕು. ಸಾಕೇ ಸಾಕು, ಆದರೆ ಗೊತ್ತಿರುವ ಆ ಇಷ್ಟೇ ತಪ್ಪು. ಒಂದು ಗುಂಪಿಗೆ ಔಷಧ ಕೊಟ್ಟಿದ್ದೀರಿ, ಇನ್ನೊಂದಕ್ಕೆ ಕೊಟ್ಟಿಲ್ಲ; ಆ ಔಷಧಕ್ಕೆ ಯಾವ ಗುಣವೂ ಇಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ ಎರಡು ಗುಂಪುಗಳ ನಡುವೆ ಇಷ್ಟು, ಅಥವಾ ಇದಕ್ಕೂ ಹೆಚ್ಚಿನ, ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ ಎಷ್ಟು? ಪಿ-ಮೌಲ್ಯ ಉತ್ತರಿಸುವುದು ಈ ಪ್ರಶ್ನೆಗೆ ಮಾತ್ರ. ಔಷಧ ಕೆಲಸ ಮಾಡುವ ಸಂಭವ ಎಷ್ಟು ಎಂಬ ಪ್ರಶ್ನೆಯನ್ನು ಅದು ಕೇಳಿಸಿಕೊಂಡೇ ಇಲ್ಲ. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಒಂದು ಹೇಳಿಕೆಯನ್ನೇ ಹೊರಡಿಸಿ ಇದನ್ನು ಸ್ಪಷ್ಟಪಡಿಸಿತು. 0.05 ಎಂಬ ಗೆರೆಯೂ ಬ್ರಹ್ಮಲಿಖಿತವಲ್ಲ. ರೊನಾಲ್ಡ್ ಫಿಶರ್ 1925ರ ತಮ್ಮ ಪುಸ್ತಕದಲ್ಲಿ ಇಪ್ಪತ್ತರಲ್ಲಿ ಒಂದು ಎಂಬುದನ್ನು ಅನುಕೂಲದ ಗಡಿಯಾಗಿ ಇಟ್ಟುಕೊಂಡರು. ನಮ್ಮವರು ಅದಕ್ಕೆ ಗುಡಿ ಕಟ್ಟಿದರು, 0.049ಕ್ಕೆ ಮಂಗಳಾರತಿ, 0.051ಕ್ಕೆ ಬಹಿಷ್ಕಾರ. ಗುಡಿಯ ಹಿಂಬಾಗಿಲೂ ಇದೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಮಾಡಿ; ನಿಜದಲ್ಲಿ ಎಲ್ಲೂ ಏನೂ ಇಲ್ಲದಿದ್ದರೂ, ಕನಿಷ್ಠ ಒಂದಾದರೂ 0.05ರ ಕೆಳಗೆ ಇಳಿಯುವ ಸಂಭವ ಶೇ. 64. ಆ ಒಂದನ್ನು ಪ್ರಬಂಧಕ್ಕೆ ಹಾಕಿ, ಹತ್ತೊಂಬತ್ತನ್ನು ಡ್ರಾಯರಿಗೆ ತಳ್ಳಿದರೆ ‘ಸಂಶೋಧನೆ’ ಸಿದ್ಧ. ‘ಇಷ್ಟು ಗೊತ್ತಿದ್ದರೆ ಸಾಕು’ ಎನ್ನುವವರಿಗೆ ಈ ಹಿಂಬಾಗಿಲು ಕಾಣಿಸುವುದೇ ಇಲ್ಲ. ಕಂಡೂ ಸುಮ್ಮನಿದ್ದರೆ ಅದು ಬೇರೆ ಮಾತು.

ಮೂರನೆಯ ವಾದ ತಮಾಷೆಯದು, ಏಕೆಂದರೆ ಅದಕ್ಕೆ ಎರಡು ಬಾಯಿ. ಮಾದರಿ ಸಣ್ಣದಾಯಿತು ಎಂದರೆ ‘ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಲದೇ?’ ಎನ್ನುತ್ತಾರೆ. ಆಯ್ಕೆ ಸರಿಯಿಲ್ಲ ಎಂದರೆ ‘ಸಾವಿರಾರು ಜನರನ್ನು ಕೇಳಿದ್ದೇವೆ, ಇನ್ನೇನು ಬೇಕು?’ ಎನ್ನುತ್ತಾರೆ. ಒಂದೇ ಸಾಕಾಗಿದ್ದರೆ ಸಾವಿರದ ಜಂಬ ಏಕೆ? ಪಾತ್ರೆಯೊಳಗೆ ಎಲ್ಲ ಅಕ್ಕಿಯೂ ಒಂದೇ, ಉರಿಯೂ ಒಂದೇ, ನಡುವೆ ಸೌಟು ಆಡಿಸಿರುತ್ತಾರೆ. ಅಗುಳಿನ ಸಾಕ್ಷಿ ನಿಲ್ಲುವುದು ಅದರಿಂದ. ಬೆಂಗಳೂರಿನ ಅಪಾರ್ಟ್‌ಮೆಂಟು, ಯಾದಗಿರಿಯ ತಾಂಡಾ ಒಂದೇ ಪಾತ್ರೆಯಲ್ಲಿ ಬೇಯುತ್ತಿಲ್ಲ. ಇನ್ನು ದೊಡ್ಡ ಸಂಖ್ಯೆಯ ಭರವಸೆ. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಪತ್ರ ಕಳಿಸಿತು, 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಅಧ್ಯಕ್ಷ ಚುನಾವಣೆಯಲ್ಲಿ ರೂಸ್‌ವೆಲ್ಟ್ ಎದುರು ಲ್ಯಾಂಡನ್ ಗೆಲ್ಲುತ್ತಾರೆ ಎಂದು ಸಾರಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ವಿಳಾಸಗಳನ್ನು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯಂಥ ಪಟ್ಟಿಗಳಿಂದ ಎತ್ತಿಕೊಂಡಿದ್ದರು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಫೋನೂ ಕಾರೂ ಯಾರ ಮನೆಯಲ್ಲಿದ್ದವು ಎಂದು ಬೇರೆ ಹೇಳಬೇಕಿಲ್ಲ. ಮರಳಿ ಉತ್ತರ ಬರೆದವರೂ ಎಲ್ಲರ ಹಾಗಿನವರಲ್ಲ. ಜಾರ್ಜ್ ಗ್ಯಾಲಪ್ ಅದಕ್ಕಿಂತ ಎಷ್ಟೋ ಸಣ್ಣ ಮಾದರಿಯಿಂದ ಗೆದ್ದವರನ್ನು ಸರಿಯಾಗಿ ಹೇಳಿದರು. ಇವತ್ತು ವಾಟ್ಸಾಪ್ ಗುಂಪಿಗೆ ಗೂಗಲ್ ಫಾರ್ಮ್ ಬಿಟ್ಟು ‘ಕರ್ನಾಟಕದ ಯುವಜನರ ಅಭಿಪ್ರಾಯ’ ಎಂದು ಬರೆಯುವವರಿಗೂ ಡೈಜೆಸ್ಟ್‌ನವರಿಗೂ ಇರುವ ವ್ಯತ್ಯಾಸ ಅಂಚೆವೆಚ್ಚ ಮಾತ್ರ.

ನಾಲ್ಕನೆಯದು: ಸರಾಸರಿ, ಸಹಸಂಬಂಧ ಕೊಟ್ಟರೆ ಮುಗಿಯಿತು, ನಕ್ಷೆ ಬಿಡಿಸುವುದು ಶಾಲಾಮಕ್ಕಳ ಕೆಲಸ. ಫ್ರಾನ್ಸಿಸ್ ಆನ್ಸ್‌ಕೂಂಬ್ 1973ರಲ್ಲೇ ತಲಾ ಹನ್ನೊಂದು ಬಿಂದುಗಳ ನಾಲ್ಕು ದತ್ತಾಂಶಗಳನ್ನು ಮುಂದಿಟ್ಟರು. ನಾಲ್ಕರಲ್ಲೂ ಎರಡು ಚಲಕಗಳ ಸರಾಸರಿಗಳು 9 ಮತ್ತು 7.5, ಸಹಸಂಬಂಧ 0.82ರ ಆಸುಪಾಸು. ನಕ್ಷೆ ಬಿಡಿಸಿದರೆ ಒಂದು ನೇರಗೆರೆಯ ಸುತ್ತ ಚೆದುರಿದೆ, ಇನ್ನೊಂದು ಬಿಲ್ಲಿನಂತೆ ಬಾಗಿದೆ, ಉಳಿದೆರಡರಲ್ಲಿ ಒಂಟಿ ಬಿಂದುವೊಂದು ಇಡೀ ಲೆಕ್ಕವನ್ನು ತನ್ನ ಕಡೆ ಎಳೆದುಕೊಂಡಿದೆ. ಶಾಲಾಮಕ್ಕಳು ಇದನ್ನು ಎರಡು ನಿಮಿಷದಲ್ಲಿ ಹಿಡಿದಾರು.

ಶಾಲಾಮಕ್ಕಳ ಮಾತು ಬಂತಲ್ಲ, ಕೊನೆಯ ವಾದ ಅದೇ: ಗಣಿತದ ಹಿನ್ನೆಲೆಯಿಲ್ಲದ ಸಮಾಜವಿಜ್ಞಾನ, ಸಾಹಿತ್ಯದವರಿಗೆ ಇದು ಅನ್ಯಾಯ. ಪದ್ಯದ ಸ್ವಾರಸ್ಯ ಬರೆಯಲು ಮಾನಕ ವಿಚಲನೆ ಬೇಕು ಎಂದು ಯಾರೂ ಹೇಳಿಲ್ಲ. ಆದರೆ ಇದೇ ಜನ ಪ್ರಬಂಧದ ತುಂಬ ‘ಬಹುತೇಕರು’, ‘ಗಣನೀಯವಾಗಿ’, ‘ಹೆಚ್ಚುತ್ತಿರುವ ಪ್ರವೃತ್ತಿ’ ಎಂದು ಬರೆಯುತ್ತಾರೆ. ಅವು ಸಂಖ್ಯಾಶಾಸ್ತ್ರದ ಹೇಳಿಕೆಗಳೇ, ಎಣಿಸುವ ಕಷ್ಟವನ್ನು ಮಾತ್ರ ತೆಗೆದುಕೊಂಡಿಲ್ಲ. ಹಿನ್ನೆಲೆಯ ಮಾತಿಗೆ ಬಂದರೆ, ನಮ್ಮ ರಾಜ್ಯದ ಹತ್ತನೇ ತರಗತಿಯ ಗಣಿತ ಪುಸ್ತಕದಲ್ಲಿ ಸರಾಸರಿ, ಮಧ್ಯಾಂಕ, ಬಹುಲಕ ಮೂರೂ ಇವೆ. ಅದನ್ನು ಪಾಸು ಮಾಡಿಕೊಂಡೇ ಇವರೆಲ್ಲ ಪಿಯುಸಿಗೆ ಹೋದದ್ದು.