ಅಂದು ಎದ್ದು ಹೋದರು, ಇಂದು ಪಕ್ಕದಲ್ಲಿ ಕೂರಿಸಿಕೊಂಡರು

ಕಳೆದ ಸೆಮಿಸ್ಟರ್‌ನಲ್ಲಿ ಒಂದು ರಾತ್ರಿ ಹಾಸ್ಟೆಲ್ ಮೆಸ್‌ನಲ್ಲಿ ಊಟ ಮಾಡ್ತಾ ಇದ್ವಿ. ಟಿವಿಯಲ್ಲಿ ಇಸ್ರೇಲ್ ಸುದ್ದಿ. ಇತಮಾರ್ ಬೆನ್ ಗ್ವಿರ್ ಅನ್ನೋ ಮಂತ್ರಿಯನ್ನ ತೋರಿಸ್ತಿದ್ರು. ನನ್ನ ರೂಮ್‌ಮೇಟ್ "ಅಲ್ಲಿಯವರೆಲ್ಲ ಹಂಗೇ ಕಣೋ" ಅಂದ. ಎದುರುಗಡೆ ಕೂತಿದ್ದ ಸೀನಿಯರ್ "ಹಂಗೇ ಇರ್ಬೇಕು, ಅದರಲ್ಲಿ ತಪ್ಪೇನು?" ಅಂದ್ರು. ಅನ್ನ ತಣ್ಣಗಾಗೋವರೆಗೂ ಇಬ್ಬರೂ ಜಗಳ ಆಡಿದ್ರು. ನಾನು ಸುಮ್ಮನೆ ಕೂತಿದ್ದೆ, ಯಾಕಂದ್ರೆ ನನಗೆ ಏನೂ ಗೊತ್ತಿರಲಿಲ್ಲ. ಆಮೇಲೆ ಕೂತು ಓದಿದೆ. ಓದಿದ ಮೇಲೆ ಇಬ್ಬರೂ ತಪ್ಪು ಅನ್ನಿಸಿತು. ಅದನ್ನೇ ಇಲ್ಲಿ ಬರೀತಿದ್ದೀನಿ. ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು ನಾನು. ಕನ್ನಡದಲ್ಲಿ ತಪ್ಪಿದ್ರೆ ದಯವಿಟ್ಟು ಹೊಟ್ಟೆಗೆ ಹಾಕ್ಕೊಳ್ಳಿ.

ಕಥೆ ಶುರುವಾಗೋದು ಮೆಯಿರ್ ಕಹಾನೆ ಎಂಬ ವ್ಯಕ್ತಿಯಿಂದ. 1932ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಈತ ರಬ್ಬಿ, ಅಂದ್ರೆ ಯಹೂದಿ ಧರ್ಮಗುರು. 1971ರಲ್ಲಿ ಇಸ್ರೇಲಿಗೆ ಬಂದು 'ಕಾಖ್' ಎಂಬ ಪಕ್ಷ ಕಟ್ಟಿದ. ಹೀಬ್ರೂನಲ್ಲಿ ಕಾಖ್ ಅಂದ್ರೆ 'ಹೀಗೇ' ಅಂತ. ಇಸ್ರೇಲಿನಿಂದ ಮತ್ತು ಅದು ಹಿಡಿದುಕೊಂಡ ಪ್ರದೇಶಗಳಿಂದ ಅರಬ್ಬರನ್ನು ಹೊರಗೆ ಕಳಿಸಬೇಕು, ದೇಶ ಧರ್ಮಶಾಸ್ತ್ರದ ಪ್ರಕಾರ ನಡೆಯಬೇಕು ಅನ್ನೋದು ಪಕ್ಷದ ಸಿದ್ಧಾಂತ. ಜನ ಏನು ಮಾಡಿದ್ರು? 1973, 1977, 1981, ಮೂರು ಚುನಾವಣೆಯಲ್ಲೂ ಸೋಲಿಸಿದ್ರು. ಅಲ್ಲಿ ಕ್ಷೇತ್ರಗಳಿಲ್ಲ. ಇಡೀ ದೇಶದಲ್ಲಿ ಪಕ್ಷಕ್ಕೆ ಬಿದ್ದ ಮತಗಳ ಲೆಕ್ಕದಲ್ಲಿ 120 ಸೀಟುಗಳನ್ನು ಹಂಚ್ತಾರೆ. ಆಗ ಕನಿಷ್ಠ 1% ಮತ ಬಂದ್ರೆ ಸಾಕಿತ್ತು, ಅದೂ ಕಾಖ್‌ಗೆ ಬರಲಿಲ್ಲ.

1984ರಲ್ಲಿ ಸುಮಾರು 26 ಸಾವಿರ ಮತ ಬಂತು, ಅಂದ್ರೆ 1.2%. ಒಂದು ಸೀಟು. ಕಹಾನೆ ಅವರ ಸಂಸತ್ತು ಕ್ನೆಸೆಟ್‌ಗೆ ಬಂದ. ಚುನಾವಣಾ ಸಮಿತಿ ಅವನ ಪಕ್ಷವನ್ನು ಮೊದಲೇ ತಡೆದಿತ್ತು, ಆದ್ರೆ ಹಾಗೆ ತಡೆಯೋಕೆ ಕಾನೂನಿನಲ್ಲಿ ಅಧಿಕಾರವೇ ಇಲ್ಲ ಅಂತ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತ್ತು.

ನನಗೆ ತುಂಬಾ ಹಿಡಿಸಿದ ಭಾಗ ಇಲ್ಲಿಂದ ಮುಂದೆ. ಕಹಾನೆ ಸಭೆಯಲ್ಲಿ ಮಾತಾಡೋಕೆ ಎದ್ದು ನಿಂತರೆ ಉಳಿದ ಸದಸ್ಯರು ಎದ್ದು ಹೊರಗೆ ಹೋಗ್ತಿದ್ರು. ಎಡಪಕ್ಷದವರು ಮಾತ್ರ ಅಲ್ಲ, ಬಲಪಂಥೀಯ ಲಿಕುಡ್ ಪಕ್ಷದವರೂ, ಅದರ ನಾಯಕ ಯಿತ್ಸಾಕ್ ಶಮೀರ್ ಕೂಡ. ಯಹೂದಿಗಳು ಮತ್ತು ಬೇರೆಯವರ ನಡುವೆ ಮದುವೆಯನ್ನೇ ನಿಷೇಧಿಸುವ ಮಸೂದೆ ತಂದಾಗ, ಇದು ನಾಜಿಗಳ ನ್ಯೂರೆಂಬರ್ಗ್ ಕಾನೂನಿನ ಥರಾನೇ ಇದೆ ಅಂತ ಹೋಲಿಸಿ ತೋರಿಸಿದ್ದು ಲಿಕುಡ್‌ನ ಸದಸ್ಯ ಮೈಕಲ್ ಐತಾನ್. ಯೋಚನೆ ಮಾಡಿ, ಸಿಟ್ಟಿದ್ದ ಮತದಾರರು ಲಿಕುಡ್‌ನಿಂದ ಕಾಖ್ ಕಡೆಗೆ ಹೋಗಬಹುದಿತ್ತು. ಸುಮ್ಮನಿದ್ದಿದ್ರೆ ಲಿಕುಡ್‌ಗೇ ಲಾಭ. ಆದ್ರೂ ಎದ್ದು ಹೋದ್ರು.

1985ರಲ್ಲಿ ಕಾನೂನು ತಿದ್ದಿದರು. ಜನಾಂಗದ್ವೇಷಕ್ಕೆ ಪ್ರಚೋದನೆ ಕೊಡೋ ಪಕ್ಷ ಚುನಾವಣೆಗೆ ನಿಲ್ಲುವಂತಿಲ್ಲ ಅಂತ. 1988ರಲ್ಲಿ ಕಾಖ್‌ಗೆ ಇನ್ನೂ ಹೆಚ್ಚು ಸೀಟು ಬರಬಹುದು ಅಂತ ಸಮೀಕ್ಷೆಗಳು ಹೇಳ್ತಿದ್ದಾಗಲೇ ಅದನ್ನು ತಡೆದರು, ಈ ಸಲ ಕೋರ್ಟೂ ಒಪ್ಪಿತು. 1990ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಹೋಟೆಲೊಂದರಲ್ಲಿ ಕಹಾನೆಯ ಕೊಲೆಯಾಯಿತು. 1994ರ ಫೆಬ್ರವರಿ 25ರಂದು, ರಂಜಾನ್ ತಿಂಗಳಲ್ಲಿ, ಅವನ ಅನುಯಾಯಿ ಬರೂಖ್ ಗೋಲ್ಡ್‌ಸ್ಟೈನ್ ಹೆಬ್ರಾನ್‌ನ ಮಸೀದಿಯಲ್ಲಿ ನಮಾಜ್ ಮಾಡ್ತಿದ್ದವರ ಮೇಲೆ ಗುಂಡು ಹಾರಿಸಿ 29 ಜನರನ್ನು ಕೊಂದ. ಅವನು ವೃತ್ತಿಯಲ್ಲಿ ಡಾಕ್ಟರ್. ಮುಂದಿನ ತಿಂಗಳೇ ರಬಿನ್ ಸರ್ಕಾರ ಕಾಖ್ ಅನ್ನು ಭಯೋತ್ಪಾದಕ ಸಂಘಟನೆ ಅಂತ ಘೋಷಿಸಿತು.

ಇಲ್ಲಿಗೆ ಕಥೆ ಮುಗೀಬೇಕಿತ್ತು. ಮುಗೀಲಿಲ್ಲ.

ಹದಿಹರೆಯದಲ್ಲೇ ಕಾಖ್ ಸೇರಿದ್ದ ಒಬ್ಬ ಹುಡುಗ ಇದ್ದ. 1995ರ ಅಕ್ಟೋಬರ್‌ನಲ್ಲಿ ಪ್ರಧಾನಿ ರಬಿನ್ ಅವರ ಕ್ಯಾಡಿಲಾಕ್ ಕಾರಿನಿಂದ ಕಿತ್ತ ಲಾಂಛನವನ್ನು ಟಿವಿ ಕ್ಯಾಮೆರಾ ಮುಂದೆ ಹಿಡಿದು, ಕಾರಿನ ಹತ್ತಿರ ಹೋದ ಹಾಗೆ ರಬಿನ್ ಹತ್ತಿರವೂ ಹೋಗ್ತೀವಿ ಅನ್ನೋ ಅರ್ಥದಲ್ಲಿ ಮಾತಾಡಿದ. ಕೆಲವೇ ವಾರಗಳಲ್ಲಿ, ನವೆಂಬರ್ 4ರಂದು, ಬೇರೊಬ್ಬ ಉಗ್ರ ಬಲಪಂಥೀಯ ರಬಿನ್‌ರನ್ನು ಗುಂಡಿಕ್ಕಿ ಕೊಂದ. ಲಾಂಛನ ಹಿಡಿದಿದ್ದ ಹುಡುಗನೇ ಬೆನ್ ಗ್ವಿರ್, ಆಗ ಅವನಿಗೆ 19 ವರ್ಷ. ಈಗ ನನ್ನ ವಯಸ್ಸೂ ಅಷ್ಟೇ. ಇದನ್ನ ಓದಿದಾಗ ಯಾಕೋ ಒಂಥರಾ ಆಯ್ತು. 2007ರಲ್ಲಿ ಜನಾಂಗದ್ವೇಷದ ಪ್ರಚೋದನೆ ಮತ್ತು ಭಯೋತ್ಪಾದಕ ಸಂಘಟನೆಗೆ ಬೆಂಬಲ ಕೊಟ್ಟದ್ದಕ್ಕೆ ಕೋರ್ಟ್ ಅವನನ್ನು ಅಪರಾಧಿ ಅಂತು.

2012ರಲ್ಲಿ ಕಹಾನೆಯ ಶಿಷ್ಯ ಮೈಕಲ್ ಬೆನ್ ಅರಿ ಮತ್ತು ಇತರರು ಹೊಸ ಪಕ್ಷ ಮಾಡಿದ್ರು. ಅದೇ ಮುಂದೆ 'ಒತ್ಸ್ಮಾ ಯೆಹೂದಿತ್', ಅಂದ್ರೆ ಯಹೂದಿ ಶಕ್ತಿ. 2013ರಲ್ಲಿ ಸೋಲು. 2014ರಲ್ಲಿ ಕನಿಷ್ಠ ಮತದ ಮಿತಿಯನ್ನು 2%ನಿಂದ 3.25%ಗೆ ಏರಿಸಿದರು. ಸಣ್ಣ ಪಕ್ಷಗಳ ಕಾಟ ತಪ್ಪಲಿ ಅಂತ. 2019ರ ಸೆಪ್ಟೆಂಬರ್‌ನಲ್ಲಿ ಒತ್ಸ್ಮಾ ಒಂಟಿಯಾಗಿ ನಿಂತು 1.88% ಪಡೆಯಿತು. 2020ರಲ್ಲಿ ಬರೀ 0.42%. ಅಂದ್ರೆ ಜನ ಬೇಡ ಅಂತ ಸ್ಪಷ್ಟವಾಗಿ ಹೇಳಿದ್ರು.

ಹಾಗಾದ್ರೆ ಗೆದ್ದಿದ್ದು ಹೇಗೆ? ನಮ್ಮ ಮಿನಿ ಪ್ರಾಜೆಕ್ಟ್ ಥರ. ನಾಲ್ಕು ಜನರ ಟೀಮ್‌ನಲ್ಲಿ ಹೆಸರು ಸೇರಿಸಿದ್ರೆ ಮಾರ್ಕ್ಸ್ ಎಲ್ಲರಿಗೂ ಒಂದೇ. ಮಿತಿ ಏರಿದಷ್ಟೂ ಸಣ್ಣ ಪಕ್ಷಗಳು ಒಟ್ಟಾಗೋದು ಅನಿವಾರ್ಯ ಆಯ್ತು. ತನ್ನ ಕಡೆಯ ಒಂದು ಮತವೂ ಹಾಳಾಗಬಾರದು ಅಂತ 2019ರಲ್ಲಿ ಅವರನ್ನು ಬೇರೆ ಧಾರ್ಮಿಕ ಪಕ್ಷಗಳ ಜೊತೆ ಸೇರಿಸೋಕೆ ಓಡಾಡಿದ್ದು ಸ್ವತಃ ಪ್ರಧಾನಿ ಬೆಂಜಮಿನ್ ನೆತನ್ಯಾಹು. ಅದೇ ಲಿಕುಡ್ ಪಕ್ಷ, ಎದ್ದು ಹೋಗ್ತಿದ್ದವರ ಪಕ್ಷ! ಆ ವರ್ಷ ಸುಪ್ರೀಂ ಕೋರ್ಟ್ ಬೆನ್ ಅರಿಯನ್ನು ಸ್ಪರ್ಧೆಯಿಂದ ತಡೆಯಿತು, ಬೆನ್ ಗ್ವಿರ್‌ನನ್ನು ಬಿಟ್ಟಿತು. 2021ರಲ್ಲಿ ಜಂಟಿ ಪಟ್ಟಿಯಿಂದ ಬೆನ್ ಗ್ವಿರ್ ಕ್ನೆಸೆಟ್ ಸೇರಿದ. 2022ರ ನವೆಂಬರ್‌ನಲ್ಲಿ ಜಂಟಿ ಪಟ್ಟಿಗೆ 14 ಸೀಟು, ಅದರಲ್ಲಿ ಒತ್ಸ್ಮಾದ್ದು 6. ನೆತನ್ಯಾಹು ಬಣದ ಒಟ್ಟು 64, ಬಹುಮತಕ್ಕೆ ಬೇಕಾಗಿದ್ದು 61. ಡಿಸೆಂಬರ್‌ನಲ್ಲಿ ಬೆನ್ ಗ್ವಿರ್ ರಾಷ್ಟ್ರೀಯ ಭದ್ರತಾ ಮಂತ್ರಿ. ಪೊಲೀಸರೆಲ್ಲ ಅವನ ಕೈಕೆಳಗೆ. ಬೇಲಿ ಮುರಿದವನ ಕೈಗೇ ಬೇಲಿ ಕಾಯೋ ಕೆಲಸ! ಅದೇ ಚುನಾವಣೆಯಲ್ಲಿ ಎಡಪಂಥದ ಮೆರೆಟ್ಸ್ ಪಕ್ಷ 3.16% ಪಡೆದು, ಕೂದಲೆಳೆಯಲ್ಲಿ ಮಿತಿ ತಪ್ಪಿ, ಪೂರ್ತಿ ಹೊರಗೆ ಉಳಿಯಿತು. ಸಣ್ಣವರನ್ನು ತಡೆಯೋ ಜರಡಿ ಯಾರನ್ನ ಹಿಡೀತು, ಯಾರನ್ನ ಬಿಡ್ತು ನೋಡಿ.

ಇದು ಬರೀ ಲೆಕ್ಕದ ಆಟ ಅಂತ ನಾನು ಹೇಳಲ್ಲ. 2021ರ ಮೇ ತಿಂಗಳಲ್ಲಿ ಲೋಡ್, ಏಕರ್‌ನಂಥ ಊರುಗಳಲ್ಲಿ ಯಹೂದಿಗಳು ಮತ್ತು ಅರಬ್ಬರ ನಡುವೆ ಗಲಭೆ ಆಯ್ತು. ಹೆದರಿದ ಜನ ಗಟ್ಟಿ ದನಿಯವನನ್ನು ಹುಡುಕಿದ್ರು. ಅವನು ಬದಲಾಗಿದ್ದಾನೆ ಅಂತ ಬೆಂಬಲಿಗರು ಹೇಳ್ತಾರೆ. ನಿಜ, ಗೋಲ್ಡ್‌ಸ್ಟೈನ್‌ನ ಫೋಟೋವನ್ನು ಮನೆಯ ಗೋಡೆಯಿಂದ ತೆಗೆದಿದ್ದಾನೆ. 2022ರಲ್ಲಿ ಕಹಾನೆಯ ಸ್ಮರಣಾ ಸಭೆಯಲ್ಲೇ, ಎಲ್ಲ ಅರಬ್ಬರನ್ನು ಓಡಿಸೋದನ್ನ ನಾನು ಒಪ್ಪಲ್ಲ ಅಂದು ಬೈಗುಳವನ್ನೂ ತಿಂದಿದ್ದಾನೆ. ಆದ್ರೆ ಆ ಸಭೆಗೆ ಹೋಗಿದ್ದು ಯಾಕೆ? ಫೋಟೋ ಇಳಿಸಿದ್ದು 2020ರಲ್ಲಿ, ಚುನಾವಣೆ ಹೊತ್ತಿಗೆ. ಅದಕ್ಕೂ ಮುಂಚೆ ಎಷ್ಟೋ ವರ್ಷ ಅದು ಗೋಡೆ ಮೇಲೇ ಇತ್ತಲ್ಲ?

ಈಗ ಮೆಸ್‌ನ ಜಗಳಕ್ಕೆ ಬರ್ತೀನಿ. ರೂಮ್‌ಮೇಟ್‌ಗೆ ನನ್ನ ಉತ್ತರ: ಎಲ್ಲರೂ ಹಂಗಲ್ಲ ಕಣೋ, 1984ರಲ್ಲಿ ಎದ್ದು ಹೊರಗೆ ಹೋದವರೂ ಅಲ್ಲಿಯವರೇ. ಸೀನಿಯರ್‌ಗೆ ಉತ್ತರ: ಅಣ್ಣಾ, ಹಂಗೇ ಇರ್ಬೇಕು ಅನ್ನೋದಾದ್ರೆ, ಅವರದೇ ಬಲಪಂಥದ ನಾಯಕರು ಅವತ್ತು ಯಾಕೆ ಎದ್ದು ಹೋದ್ರು?

ನನ್ನ ಅಭಿಪ್ರಾಯ ಇಷ್ಟೇ. ಆ ಪಕ್ಷವನ್ನು ಇಷ್ಟು ವರ್ಷ ಹೊರಗೆ ಇಟ್ಟಿದ್ದು ಕಾನೂನು ಮಾತ್ರ ಅಲ್ಲ, 3.25% ಅಂತೂ ಅಲ್ಲವೇ ಅಲ್ಲ. ಲಾಭ ಇದ್ದರೂ ಇವರ ಜೊತೆ ಕೂರಲ್ಲ ಅನ್ನೋ ದೊಡ್ಡ ಪಕ್ಷಗಳ ಹಟ. ಕಾನೂನು ಈಗಲೂ ಪುಸ್ತಕದಲ್ಲಿ ಇದೆ. ಹಟ ಹೋಯ್ತು, ಅಷ್ಟೇ. ಮೂರು ನಾಲ್ಕು ಸೀಟಿನ ಅವಸರಕ್ಕೆ ಹೋಯ್ತು.

ಆ ರಾತ್ರಿ ನಾನು ಎದ್ದೂ ಹೋಗಲಿಲ್ಲ, ಮಾತೂ ಆಡಲಿಲ್ಲ. ತಟ್ಟೆ ನೋಡ್ತಾ ಕೂತಿದ್ದೆ. ನಿಮ್ಮ ಗ್ಯಾಂಗ್‌ನಲ್ಲಿ ಯಾರಾದ್ರೂ ಒಂದಿಡೀ ಸಮುದಾಯವನ್ನೇ ಓಡಿಸಬೇಕು ಅಂದಾಗ ನೀವೇನು ಮಾಡ್ತೀರಿ? ನನಗಂತೂ ಮುಂದಿನ ಸಲಕ್ಕೆ ಉತ್ತರ ಸಿಕ್ಕಿದೆ.